ಸುಣ್ಣ ಬೆರೆಸಿದ ಮಣ್ಣಿನಲ್ಲಿ ಪಾಲಿಮರ್ ಬಲವರ್ಧಕಗಳ ಬಾಳಿಕೆ

ರಸ್ತೆ, ಏರಿ, ತಡೆಗೋಡೆಗಳ ಮಣ್ಣಿನಲ್ಲಿ ಪದರಪದರವಾಗಿ ಹಾಸುವ ಪ್ಲಾಸ್ಟಿಕ್ ಜಾಲರಿ ಮತ್ತು ಪಟ್ಟಿಗಳು ಸುಣ್ಣ ಇಲ್ಲವೇ ಸಿಮೆಂಟ್ ಬೆರೆಸಿದ ನೆಲದಲ್ಲಿ ಎಷ್ಟು ಕಾಲ ಬಲ ಉಳಿಸಿಕೊಳ್ಳುತ್ತವೆ ಎಂಬುದು ಈ ಲೇಖನದ ವಿಷಯ.

ಆರಂಭ: 1960ರ ದಶಕದಲ್ಲಿ ಫ್ರಾನ್ಸಿನ ಆಂರಿ ವಿದಾಲ್ ಮಣ್ಣಿಗೆ ಉಕ್ಕಿನ ಪಟ್ಟಿಗಳ ಆಸರೆ ಕೊಟ್ಟರು. ಮುಂದೆ, ಪಾಲಿಯೆಸ್ಟರ್‌ನಂಥ ತುಕ್ಕು ಹಿಡಿಯದ ಪಾಲಿಮರ್‌ಗಳು ಬಳಕೆಗೆ ಬಂದವು. ಇತ್ತ ಎರೆಮಣ್ಣಿನಂಥ ಹಿಗ್ಗಿ ಕುಗ್ಗುವ ನೆಲವನ್ನು ಹದಗೊಳಿಸಲು ಸುಣ್ಣ ಬೆರೆಸುವುದು ರೂಢಿಯಲ್ಲಿತ್ತು. ಮಣ್ಣು-ಸುಣ್ಣದ ಮಿಶ್ರಣದ ಪಿಎಚ್ 12.4 ಮುಟ್ಟಿದರೆ ಸುಣ್ಣ ಸಾಕಾಯಿತೆಂದು ತಿಳಿಯುವ ಪರೀಕ್ಷೆಯನ್ನು 1966ರಲ್ಲಿ ಈಡ್ಸ್ ಮತ್ತು ಗ್ರಿಮ್ ಪ್ರಕಟಿಸಿದರು. ಮಣ್ಣಿಗೆ ಹಿತವಾದ ಈ ಕ್ಷಾರವೇ ಪಾಲಿಯೆಸ್ಟರ್‌ಗೆ ಅಹಿತ.

ಎರಡು ಬಗೆಯ ಹಾನಿ: ಇವೆರಡನ್ನೂ ಒಂದೇ ಎಂದುಕೊಂಡರೆ ಗೊಂದಲವಾಗುತ್ತದೆ. ನೀರು ಪಾಲಿಯೆಸ್ಟರ್ ಎಳೆಯ ಒಳಹೊಕ್ಕು ಅಣುಸರಪಳಿಗಳನ್ನು ತುಂಡರಿಸುತ್ತದೆ; ಗೆದ್ದಲು ಹಿಡಿದ ತೊಲೆಯಂತೆ ಎಳೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಸೊರಗುತ್ತದೆ. ಸುಣ್ಣದ ತಿಳಿನೀರಿನ ರೀತಿ ಬೇರೆ. ಅದು ಕಬ್ಬು ಹೆರೆದಂತೆ ಮೇಲ್ಮೈಯನ್ನೇ ಸವೆಸುತ್ತ ಬರುತ್ತದೆ. ಎಳೆ ಸಣ್ಣಗಾಗುತ್ತದೆ, ಉಳಿದ ತಿರುಳು ಮಾತ್ರ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಮಾರ್ಗಸೂಚಿಗಳು ಪಾಲಿಯೆಸ್ಟರ್‌ನ ಸರಾಸರಿ ಅಣುತೂಕ 25,000ಕ್ಕಿಂತ ಹೆಚ್ಚಿರಬೇಕು, ಮಣ್ಣಿನ ಪಿಎಚ್ 3ರಿಂದ 9ರೊಳಗಿರಬೇಕು ಎಂದವು. ಅಣುತೂಕದ ಅಂಕಿ ಒಳಹಾನಿಯನ್ನು ತಡೆಯುವಂಥದು. ಹೊರಸವೆತವನ್ನು ನಿರ್ಧರಿಸುವುದು ಎಳೆಯ ದಪ್ಪ, ಅದರ ಲೇಪನ. ಮಣ್ಣು ದಮ್ಮಸು ಮಾಡುವಾಗ ಲೇಪನ ಕಿತ್ತುಬಂದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು.

ಪರೀಕ್ಷೆಗಳು: ಯುರೋಪಿನ ಇಎನ್ 14030 ಮಾನದಂಡದಂತೆ ಮಾದರಿಯನ್ನು 60 ಡಿಗ್ರಿ ಸೆಲ್ಸಿಯಸ್‌ನ ಸುಣ್ಣದ ದ್ರಾವಣದಲ್ಲಿ 3 ದಿನ ಮುಳುಗಿಸುತ್ತಿದ್ದರು. ಇದು ಜೊಳ್ಳು ತೂರುವ ಪರೀಕ್ಷೆಯೇ ಹೊರತು ಆಯುಷ್ಯದ ಲೆಕ್ಕವಲ್ಲ. ಏಕೆಂದರೆ ನೆಲದಲ್ಲಿ ಜೇಡಿ ಸುಣ್ಣವನ್ನು ಹೀರಿಕೊಳ್ಳುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡೂ ಕ್ಷಾರವನ್ನು ತಗ್ಗಿಸುತ್ತದೆ. ಅದಕ್ಕೆ ಹಿಡಿಯುವ ಕಾಲ ಜಾಗದಿಂದ ಜಾಗಕ್ಕೆ ಬೇರೆ.

ಬದಲಿ ವಸ್ತುಗಳು: ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗಳಲ್ಲಿ ಪಾಲಿಯೆಸ್ಟರ್‌ನಲ್ಲಿರುವ, ಸುಣ್ಣ ಕತ್ತರಿಸುವಂಥ ಎಸ್ಟರ್ ಕೊಂಡಿಯಿಲ್ಲ, ಅವುಗಳ ಚಿಂತೆ ಉತ್ಕರ್ಷಣ. 1939ರಲ್ಲಿ ಕ್ಯೋಟೊದಲ್ಲಿ ಮೂಡಿದ ಪಾಲಿವಿನೈಲ್ ಆಲ್ಕೊಹಾಲ್ ನಾರು ಕ್ಷಾರವನ್ನು ಚೆನ್ನಾಗಿ ತಾಳುತ್ತದೆ. ಕಾಂಕ್ರೀಟ್ ತಾಗಿಕೊಂಡಿರುವ ರೈಲ್ವೆ ತಡೆಗೋಡೆಗಳಲ್ಲಿ ಜಪಾನ್ ಅದರ ಜಾಲರಿಯನ್ನು ಬಳಸಿದೆ.

ಇಂದಿನ ಸ್ಥಿತಿ: ಪಾಲಿಮರ್ ಆಸರೆಯ ತಡೆಗೋಡೆಗಳ ವಿನ್ಯಾಸ ಆಯುಷ್ಯ 75ರಿಂದ 100 ವರ್ಷ. ಪಾಲಿಯೆಸ್ಟರ್ ನಾರು ರೂಪುಗೊಂಡದ್ದೇ 1941ರಲ್ಲಿ. ನೂರು ವರ್ಷ ಮಣ್ಣಿನಲ್ಲಿ ಬಾಳಿದ ಎಳೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲವಾದ್ದರಿಂದ, ಹಳೆಯ ಕಾಮಗಾರಿ ಅಗೆಯುವಾಗ ಸಿಗುವ ಒಂದೊಂದು ತುಂಡನ್ನೂ ಎತ್ತಿಟ್ಟು ಅಳೆಯಬೇಕು.