ಎಂಜಿನ್ ಕೂಲೆಂಟ್: ಮಟ್ಟ ನೋಡುವುದು, ತುಂಬುವುದು

ಕಾರಿನ ಎಂಜಿನ್ನಿನಲ್ಲಿ ಹುಟ್ಟುವ ಹೆಚ್ಚುವರಿ ಶಾಖವನ್ನು ಹೊತ್ತು ರೇಡಿಯೇಟರಿಗೆ ಸಾಗಿಸುವ ದ್ರವವೇ ಕೂಲೆಂಟ್. ಸಾಮಾನ್ಯವಾಗಿ ಇದು ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಇಂಧನ ಉರಿದಾಗ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಗಾಡಿ ಓಡಿಸುವ ಕೆಲಸಕ್ಕೆ ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಭಾಗ ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತದೆ. ಮಿಕ್ಕಿದ್ದರ ಬಹುಪಾಲನ್ನು ಹೊರಹಾಕುವ ಹೊಣೆ ಈ ದ್ರವದ್ದು.

ಆರಂಭದ ಕಾರುಗಳಲ್ಲಿ ಬರೀ ನೀರಿತ್ತು. ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ (1908–1927) ಮೊದಲ ಕೆಲವನ್ನು ಬಿಟ್ಟರೆ ನೀರಿನ ಪಂಪೂ ಇರಲಿಲ್ಲ. ಬಿಸಿಯಾದ ನೀರು ತಾನಾಗಿ ಮೇಲೇರಿ, ತಣಿದದ್ದು ಕೆಳಗಿಳಿದು ಸುತ್ತುತ್ತಿತ್ತು. ಈಗ ಪಂಪು ದ್ರವವನ್ನು ಎಂಜಿನ್ ಬ್ಲಾಕ್ ಮತ್ತು ಹೆಡ್ಡಿನ ಒಳದಾರಿಗಳಲ್ಲಿ ನೂಕುತ್ತದೆ. ಶಾಖ ಸುಮಾರು 82ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಥರ್ಮೋಸ್ಟಾಟ್ ತೆರೆದುಕೊಂಡು ದ್ರವ ರೇಡಿಯೇಟರಿಗೆ ಹರಿಯುತ್ತದೆ.

ಗ್ಲೈಕಾಲ್ ಬೆರೆಸುವ ರೂಢಿ ಬಂದದ್ದು ನೀರು ಹೆಪ್ಪುಗಟ್ಟುವ ಶೀತದೇಶಗಳಿಂದ. ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ಹೆಪ್ಪುಗಟ್ಟಲು ಸುಮಾರು ಮೈನಸ್ 37 ಡಿಗ್ರಿ ಬೇಕು. ಬರೀ ಗ್ಲೈಕಾಲ್ ಮಾತ್ರ ಮೈನಸ್ 13ರ ಹೊತ್ತಿಗೇ ಗಟ್ಟಿಯಾಗುತ್ತದೆ. ಶಾಖ ಹೊರುವ ಶಕ್ತಿಯೂ ಅದಕ್ಕೆ ನೀರಿಗಿಂತ ಕಡಿಮೆ. ಆದ್ದರಿಂದ ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ತಪ್ಪು. ಕರ್ನಾಟಕದಲ್ಲಿ ಹಿಮದ ಭಯವಿಲ್ಲ, ಹಾಗಾಗಿ ನೀರೇ ಸಾಕೆಂದು ವಾದಿಸುವವರಿದ್ದಾರೆ. ವಾದ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ರಸ್ತೆಯಲ್ಲೂ, ಎ.ಸಿ. ಹಾಕಿಕೊಂಡು ಕಡಿಮೆ ಗೇರಿನಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗಲೂ ಬೇಕಾದದ್ದು ಬೇಗ ಕುದಿಯದ ದ್ರವ. ಅದಕ್ಕಿಂತ ಮುಖ್ಯವಾದದ್ದು ತುಕ್ಕಿನ ಮಾತು. ಎಂಜಿನ್ನಿನಲ್ಲಿ ಅಲ್ಯೂಮಿನಿಯಂ, ಎರಕದ ಕಬ್ಬಿಣ, ಉಕ್ಕು ಒಂದೇ ದ್ರವದಲ್ಲಿ ನೆನೆದಿರುತ್ತವೆ; ರಕ್ಷಕ ರಾಸಾಯನಿಕ ಇಲ್ಲದಿದ್ದರೆ ಲೋಹ ಒಳಗಿಂದೊಳಗೇ ಸವೆಯುತ್ತದೆ. ಬೆಂಗಳೂರು, ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರು ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರವಾಗಿ ಕೂರುತ್ತವೆ.

ವ್ಯವಸ್ಥೆಯ ಬಾಯಿಗಿರುವ ಮುಚ್ಚಳ ಬರೀ ಮುಚ್ಚಳವಲ್ಲ, ಅದೊಂದು ಕವಾಟ. ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಮೇಲೆ ಹಿಡಿದಿಟ್ಟು, ದ್ರವ 120 ಡಿಗ್ರಿ ದಾಟಿದರೂ ಕುದಿಯದಂತೆ ನೋಡಿಕೊಳ್ಳುತ್ತದೆ. ಬಿಸಿಗೆ ಹಿಗ್ಗಿದ ದ್ರವ ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಬಾಟಲಿಗೆ ಹೋಗಿ, ಎಂಜಿನ್ ತಣಿದಾಗ ಮರಳುತ್ತದೆ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ, ಬಾಟಲಿಯೇ ಒತ್ತಡದಲ್ಲಿರುತ್ತದೆ. ಬಿಸಿ ಇರುವಾಗ ಅಂಥ ಬಾಟಲಿ ತೆರೆಯುವುದೂ ರೇಡಿಯೇಟರ್ ತೆರೆದಷ್ಟೇ ಅಪಾಯ. ಒತ್ತಡ ಇಳಿದೊಡನೆ ದ್ರವ ಒಮ್ಮೆಲೇ ಕುದಿದು ಮುಖ, ಕೈಗೆ ಚಿಮ್ಮುತ್ತದೆ.

ಮಟ್ಟ ನೋಡಲು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುನ್ನಿನ ಹೊತ್ತು ಪ್ರಶಸ್ತ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಬಾನೆಟ್ ಎತ್ತಿದರೆ ಕಾಣುವ ಅರೆಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಮೇಲೆ ‘ಮಿನ್’, ‘ಮ್ಯಾಕ್ಸ್’ ಅಥವಾ ‘ಲೋ’, ‘ಫುಲ್’ ಎಂಬ ಗೆರೆಗಳಿರುತ್ತವೆ. ದ್ರವ ಅವುಗಳ ನಡುವೆ ಇರಬೇಕು. ಹಳೆಯ ಗಾಡಿಗಳಲ್ಲಿ ಬಾಟಲಿ ಹಳದಿಗಟ್ಟಿ, ಒಳಗೋಡೆಗೆ ಬಣ್ಣ ಹತ್ತಿ, ಖಾಲಿಯಾಗಿದ್ದರೂ ತುಂಬಿರುವಂತೆ ಕಾಣುವುದುಂಟು. ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು, ಗಾಡಿಯನ್ನು ಒಮ್ಮೆ ಮೆಲ್ಲಗೆ ಅಲುಗಿಸಬೇಕು. ದ್ರವದ ಮೇಲ್ಮೈ ತುಳುಕುತ್ತದೆ, ಕಲೆ ಮಾತ್ರ ಇದ್ದಲ್ಲೇ ಇರುತ್ತದೆ.

ತುಂಬುವಾಗ ಬಣ್ಣ ನೋಡಿ ಕೊಳ್ಳುವ ಅಭ್ಯಾಸ ಬಿಡಬೇಕು. ಹಸಿರು, ಕೆಂಪು, ನೀಲಿ ಎಲ್ಲವೂ ತಯಾರಕರು ಸೇರಿಸಿದ ಬಣ್ಣಗಳೇ. ಯಾವ ಬಣ್ಣಕ್ಕೆ ಯಾವ ರಾಸಾಯನಿಕ ಎಂಬುದಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಹೊಂದದ ಬಗೆಗಳು ಬೆರೆತರೆ ತುಕ್ಕಿನ ರಕ್ಷಣೆ ಕುಂದುತ್ತದೆ, ಕೆಲವೊಮ್ಮೆ ಗಷ್ಟು ಕಟ್ಟುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಬೇಕು. ರೆಡಿ ಮಿಕ್ಸ್ ಆದರೆ ನೇರವಾಗಿ ಸುರಿಯಬಹುದು. ಕಾನ್ಸಂಟ್ರೇಟ್ ಆದರೆ ಡಬ್ಬದ ಮೇಲಿನ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಮೇಲಿನ ಗೆರೆ ದಾಟಿಸಬಾರದು, ಹಿಗ್ಗಲು ಜಾಗ ಬೇಕು. ಬಾಟಲಿ ಪೂರ್ತಿ ಬರಿದಾಗಿದ್ದರೆ ಒಳಗೆ ಗಾಳಿ ಸೇರಿರಬಹುದು. ಅದನ್ನು ಹೊರತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ, ಮೆಕ್ಯಾನಿಕ್ಕಿಗೆ ಬಿಡುವುದೇ ಸರಿ.

ಗಾಡಿ ಇಟ್ಟುಕೊಂಡವರು ಮುಖ್ಯವಾಗಿ ತಿಳಿಯಬೇಕಾದ್ದು ಇದು: ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ತಿಂಗಳು ತಿಂಗಳೂ ತುಂಬಬೇಕಾಗಿ ಬಂದರೆ ಅದು ಎಲ್ಲೋ ಹೋಗುತ್ತಿದೆ. ಹೋಸ್ ಪೈಪಿನ ಕ್ಲಿಪ್ಪಿನ ಬಳಿ, ರೇಡಿಯೇಟರಿನ ಅಂಚಿನಲ್ಲಿ, ಪಂಪಿನ ಕೆಳಗೆ ಒಣಗಿದ ಬಿಳಿ ಅಥವಾ ಬಣ್ಣದ ಹೊಪ್ಪಳೆ ಇದೆಯೇ ನೋಡಬೇಕು. ಕಾರಿನೊಳಗೆ ಸಿಹಿವಾಸನೆ ಬಂದು ಮುಂದಿನ ಗಾಜು ಮಸುಕಾದರೆ ಹೀಟರಿನ ಒಳಭಾಗ ಸೋರುತ್ತಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂದೇಹ ಬಲವಾಗುತ್ತದೆ; ಆ ಗಾಡಿಯನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು. ಇಂಥ ಸೋರಿಕೆಯನ್ನು ನಲ್ಲಿನೀರು ತುಂಬಿ ತುಂಬಿ ಮರೆಸುತ್ತ ಬಂದರೆ ಕಡೆಗೆ ಉಳಿಯುವುದು ಬಣ್ಣದ ನೀರು ಮಾತ್ರ.

ದಾರಿಯಲ್ಲಿ ಶಾಖದ ಮುಳ್ಳು ಕೆಂಪಿಗೆ ಏರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಕೂಲೆಂಟ್ ಪೂರ್ತಿ ಸೋರಿಹೋದಾಗ ಸೆನ್ಸರ್ ಗಾಳಿಯಲ್ಲಿ ಉಳಿದು ಮುಳ್ಳು ಕೆಳಗೇ ಇರಬಹುದು; ಆವಿ, ವಾಸನೆ ಕಂಡರೆ ಮುಳ್ಳನ್ನು ನಂಬಬಾರದು. ಎಂಜಿನ್ ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬಾರದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಬೇರೆ ಗತಿಯಿಲ್ಲದಿದ್ದರೆ, ತಣಿದ ಮೇಲೆ ಕುಡಿಯುವ ನೀರು ಹಾಕಿ ಹತ್ತಿರದ ಗ್ಯಾರೇಜ್ ತಲುಪಿ, ನಂತರ ಸರಿಯಾದ ಕೂಲೆಂಟ್ ಹಾಕಿಸಿಕೊಳ್ಳಬಹುದು.

ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಜೊತೆಗೆ ವಿಷ. ದೇಹದಲ್ಲಿ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡವನ್ನು ಕೆಡಿಸುತ್ತದೆ. ಮಕ್ಕಳು ಮತ್ತು ಬೀದಿನಾಯಿಗಳು ಇದಕ್ಕೆ ಸುಲಭವಾಗಿ ಬಲಿಯಾಗುತ್ತಾರೆ. ಉಳಿದ ಕೂಲೆಂಟನ್ನು ನೀರಿನ ಬಾಟಲಿಗೆ ಹಾಕಿಡಬಾರದು, ಚೆಲ್ಲಿದ್ದನ್ನು ಬಟ್ಟೆಯಿಂದ ಹೀರಿಸಿ ಆ ಜಾಗವನ್ನು ತೊಳೆಯಬೇಕು. ಬದಲಿಸಿದ ಹಳೆಯ ದ್ರವವನ್ನು ಚರಂಡಿಗೆ ಬಿಡದೆ ಗ್ಯಾರೇಜಿಗೆ ಒಪ್ಪಿಸಬೇಕು. ಯಾರಾದರೂ ಕುಡಿದಿದ್ದರೆ, ಚೆನ್ನಾಗಿಯೇ ಇರುವಂತೆ ಕಂಡರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು; ಇದಕ್ಕೆ ಪ್ರತಿವಿಷವಿದೆ, ಅದು ಬೇಗ ಕೊಟ್ಟಷ್ಟೂ ಫಲಕಾರಿ.