ಅಮೃತಮಹಲ್ ಕಾವಲುಗಳು: ಹುಲ್ಲುನೆಲ ಬರಡಾದ ಬಗೆ

ಮೈಸೂರು ಸೀಮೆಯ ಚರಿತ್ರೆಯನ್ನು ಬರೆದವರು ಅಮೃತಮಹಲ್ ಎತ್ತುಗಳ ಪರಾಕ್ರಮವನ್ನು ಬಣ್ಣಿಸಿರುವಷ್ಟು ಆ ಎತ್ತುಗಳು ಮೇದ ನೆಲವನ್ನು ಕುರಿತು ವಿಚಾರಿಸಿಲ್ಲ. ಹೈದರಾಲಿಯ ಫಿರಂಗಿಗಳನ್ನೆಳೆದ ಅವುಗಳ ವೇಗವೂ, ಅವುಗಳ ವಿಷಯದಲ್ಲಿ ಆರ್ಥರ್ ವೆಲ್ಲೆಸ್ಲಿಗಿದ್ದ ಮೆಚ್ಚಿಕೆಯೂ ಬಲ್ಲವರ ಬಾಯಲ್ಲಿ ಇಂದಿಗೂ ಇವೆ. ಅವನ್ನು ಸಾಕಿ ಬೆಳೆಸಿದ ಚಿತ್ರದುರ್ಗ, ತುಮಕೂರು, ಹಾಸನ, ಕಡೂರು ಪ್ರಾಂತಗಳ ಹುಲ್ಲುಗಾವಲುಗಳ ಗತಿಯಾದರೋ ಕಂದಾಯದ ದಫ್ತರಗಳಲ್ಲಿ ಹೂತುಹೋಗಿದೆ.

ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದಲ್ಲಿ ಈ ದನಗಳ ಇಲಾಖೆಗೆ ‘ಬೆಣ್ಣೆಚಾವಡಿ’ ಎಂದು ಹೆಸರಿದ್ದಿತು. ಹಸುಗಳ ಹಾಲುಬೆಣ್ಣೆ ಅರಮನೆಗೆ, ಹೋರಿಗರುಗಳು ದಂಡಿನ ಚಾಕರಿಗೆ. ಟಿಪ್ಪು ಸುಲ್ತಾನನು ಅದನ್ನು ‘ಅಮೃತಮಹಲ್’ ಎಂದು ಕರೆದನು.

‘ಕಾವಲು’ ಎಂಬ ಮಾತೇ ಇಲ್ಲಿ ವಿಚಾರಾರ್ಹವಾದುದು. ಅದು ಬರಿಯ ಹುಲ್ಲುಬಯಲಲ್ಲ, ಕಾದಿಟ್ಟ ಬಯಲು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಅವುಗಳಲ್ಲಿ ಮೂರು ಬಗೆಗಳಿದ್ದವು. ನೀರೂ ನೆರಳೂ ಇದ್ದ ಎಡೆಗಳನ್ನು, ಕೆರೆಯಂಗಳದ ಹಸುರಿದ್ದ ತಾವುಗಳನ್ನು, ಬೇಸಗೆಗೆಂದು ಕಟ್ಟುನಿಟ್ಟಾಗಿ ಮೀಸಲಿಡುತ್ತಿದ್ದರು. ಋತು ಬದಲಾದಂತೆ ಮಂದೆಯು ಒಂದರಿಂದ ಮತ್ತೊಂದಕ್ಕೆ ಸಾಗುತ್ತಿದ್ದಿತು. ಬಿಟ್ಟುಬಂದ ಕಾವಲಿನಲ್ಲಿ ಹುಲ್ಲು ತೆನೆಗಟ್ಟಿ ಬೀಜವುದುರಿಸಲು ಬಿಡುವು ದೊರೆಯುತ್ತಿದ್ದಿತು. ಬಹುವಾರ್ಷಿಕ ಹುಲ್ಲಿನ ಜೀವವಿರುವುದು ಬೇರಿನಲ್ಲಿ. ಒಮ್ಮೆ ಮೇದರೆ ಅದು ಬೇರಿನ ಸಂಚಯದಿಂದ ಮತ್ತೆ ಚಿಗುರುತ್ತದೆ. ಚಿಗುರು ಬಲಿಯುವ ಮೊದಲೇ ಮತ್ತೆ ಮತ್ತೆ ಮೇದರೆ ಬೇರು ಕುಗ್ಗಿ ಗಿಡ ಸಾಯುತ್ತದೆ. ಆ ಎಡೆಯನ್ನು ಮೊದಲು ಒಂದು ಮಳೆಗೆ ಹುಟ್ಟಿ ಒಣಗುವ ಸಣ್ಣ ಹುಲ್ಲುಗಳೂ, ಅನಂತರ ದನ ಮುಟ್ಟದ ತಂಗಡಿಯಂಥ ಗಿಡಗಳೂ ಆಕ್ರಮಿಸುತ್ತವೆ. ಕೊನೆಗೆ ಉಳಿಯುವುದು ಗೊರಸು ತುಳಿದು ಗಟ್ಟಿಮಾಡಿದ ಬೋಳುನೆಲ. ಅದರ ಮೇಲೆ ಬಿದ್ದ ಮಳೆ ಒಳಗಿಳಿಯದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ. ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆಯೂ ನೆಚ್ಚಿಕೆಯಿಲ್ಲದ ಚಳ್ಳಕೆರೆಯಂಥ ಸೀಮೆಯಲ್ಲಿ ಹಾಗೆ ಕಳೆದುಕೊಂಡ ನೀರು ಬರಗಾಲಕ್ಕೆ ಸಮಾನ.

1860ರಲ್ಲಿ ಮದರಾಸು ಸರ್ಕಾರವು ಮಿತವ್ಯಯದ ನೆಪದಿಂದ ಮಂದೆಗಳನ್ನು ಮಾರಿಹಾಕಿತು. ದಂಡಿಗೆ ಒಳ್ಳೆಯ ಎತ್ತುಗಳು ದೊರೆಯದಾದಾಗ ತಪ್ಪನ್ನರಿತು 1866ರಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. ಆ ಕಾಲಕ್ಕೆ ಕಾವಲುಗಳ ವಿಸ್ತೀರ್ಣ ನಾಲ್ಕು ಲಕ್ಷ ಎಕರೆಗಳಿಗೆ ಮೇಲ್ಪಟ್ಟಿದ್ದಿತು. ಈಗ ಉಳಿದಿರುವುದು ಎಪ್ಪತ್ತು ಸಾವಿರಕ್ಕೂ ಕಡಮೆ. ಹಳೆಯ ಏರ್ಪಾಡನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯಲಾಗದು: ಹುಲ್ಲಿನ ಮೇಲಣ ಮಮತೆಯಿಂದ ಯಾವ ದೊರೆಯೂ ಕಾವಲನ್ನು ಕಾಯಲಿಲ್ಲ, ಫಿರಂಗಿಗೆ ಎತ್ತು ಬೇಕಾಗಿದ್ದುದರಿಂದ ಕಾದನು. ರೈಲೂ ಮೋಟಾರೂ ಬಂದ ಮೇಲೆ ಆ ಅಗತ್ಯ ತೀರಿತು. ಹೊಲಗಳಿಗಾಗಿ, ನೆಲವಿಲ್ಲದವರಿಗಾಗಿ, ಸರ್ಕಾರಿ ಕಟ್ಟಡಗಳಿಗಾಗಿ ಕಾವಲುಗಳು ತುಂಡುತುಂಡಾಗಿ ಹಂಚಿಹೋದವು. ಅವುಗಳಲ್ಲಿ ಹಲವು ಉದ್ದೇಶಗಳು ನ್ಯಾಯವಾದವುಗಳೇ. ಆದರೆ ಮೇಯುವ ಬಾಯಿಗಳು ನೆಲದೊಡನೆ ಕರಗಲಿಲ್ಲ. ಊರಿನ ದನ, ಕುರಿ, ಮೇಕೆಗಳೆಲ್ಲ ಉಳಿದ ತುಂಡಿನ ಮೇಲೆಯೇ ವರ್ಷವಿಡೀ ನಿಂತವು. ಮಂದೆ ಸಾಗಿಹೋಗಲು ಎರಡನೆಯ ಕಾವಲೇ ಇಲ್ಲದಿರುವಾಗ ಬಿಡುವು ಎಲ್ಲಿಂದ ಬಂದೀತು? ಹುಲ್ಲುಗಾವಲು ಕೆಟ್ಟುದಕ್ಕೆ ಕುರುಬನನ್ನೂ ಮೇಕೆಯನ್ನೂ ದೂರುವುದು ವಿದ್ಯಾವಂತರ ರೂಢಿ. ಋತುವನ್ನನುಸರಿಸಿ ವಲಸೆ ಹೋಗುವ ಕುರಿಗಾರನು ಈ ವಿಷಯದಲ್ಲಿ ಎಲ್ಲರಿಗಿಂತ ಕಡಮೆ ಅಪರಾಧಿ.

ಪರಿಹಾರವೆಂದು ಕೈಗೊಂಡುದೂ ಹಲವೆಡೆ ಹಾನಿಯನ್ನೇ ಹೆಚ್ಚಿಸಿತು. ಹುಲ್ಲುನೆಲವನ್ನು ‘ಪಾಳು’ ಎಂದು ಬರೆದುಕೊಂಡ ಅಧಿಕಾರಿಗಳಿಗೆ ಮರ ನೆಡುವುದೇ ಉದ್ಧಾರವೆಂದು ತೋರಿತು. ಕೃಷ್ಣಮೃಗಗಳ ಬೀಡಾದ ರಾಣೆಬೆನ್ನೂರಿನಲ್ಲಿ ನೀಲಗಿರಿ ತೋಪುಗಳೆದ್ದವು. ಅಮೆರಿಕಾ ಖಂಡದಿಂದ ಬಂದ ಬಳ್ಳಾರಿ ಜಾಲಿಯು ಸೌದೆ ಕೊಟ್ಟಿತು, ಹುಲ್ಲನ್ನು ನುಂಗಿತು. ಹುಲ್ಲು ಬೇಕಾದವರು ಮಾಡತಕ್ಕುದು ಇದಕ್ಕಿಂತ ಸರಳ: ಜಾಲಿಯನ್ನು ಬೇರುಸಹಿತ ಕೀಳುವುದು, ನೆಲದ ಶಕ್ತಿಯನ್ನು ನೋಡಿ ದನಗಳ ಸಂಖ್ಯೆಯನ್ನು ನಿಶ್ಚಯಿಸುವುದು, ಒಂದೊಂದು ಭಾಗವನ್ನು ಮಳೆಗಾಲದಲ್ಲಿ ಸರದಿಯಂತೆ ಮುಚ್ಚುವುದು. ಆದರೆ ಮುಚ್ಚಿದ ಭಾಗದ ಹುಲ್ಲಿಗಾಗಿ ಕಾದಿರುವ ಬಡವನ ಹಸುವಿಗೆ ಆ ನಾಲ್ಕು ತಿಂಗಳು ಮೇವು ಒದಗಿಸದ ಹೊರತು ಯಾವ ಬೇಲಿಯೂ ನಿಲ್ಲದು.

ಇಸ್ರೋ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ನಕ್ಷಾಸಂಪುಟವು ಕರ್ನಾಟಕದ ಮೂರನೆಯ ಒಂದು ಪಾಲಿಗೂ ಮಿಕ್ಕ ನೆಲ ಸಾರಗುಂದಿದೆಯೆಂದು ತೋರಿಸಿತು. ಅದಕ್ಕೆ ಕೆಲವೇ ವರ್ಷ ಹಿಂದೆ, 2008ರಿಂದೀಚೆಗೆ, ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ನೆಲವು ರಕ್ಷಣಾ ಸಂಶೋಧನೆ, ಅಣುವಿಜ್ಞಾನ ಮೊದಲಾದ ಸಂಸ್ಥೆಗಳ ಪಾಲಾಯಿತು. ಪಡೆದವುಗಳಲ್ಲಿ ಇಸ್ರೋ ಸಹ ಒಂದು. ಊರವರ ಮೊರೆ ಹಸುರು ನ್ಯಾಯಪೀಠದವರೆಗೂ ಹೋಯಿತು. ಅಲ್ಲಿನ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುತ್ತಿದ್ದ ಊರುಗಳ ಎದುರಿಗೆ ಈಗ ಉದ್ದನೆಯ ಗೋಡೆಗಳಿವೆ.