ಹೊತ್ತೊಯ್ಯಬಲ್ಲ ಧ್ರುವಾಕ್ಷ: ಖಗೋಳ ಛಾಯಾಗ್ರಹಣದ ಟ್ರ್ಯಾಕಿಂಗ್ ಮೌಂಟ್ ಬೆಳೆದು ಬಂದ ಬಗೆ

ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ಅಳೆದರೆ ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಈ ಭ್ರಮಣದಿಂದಾಗಿ ಆಕಾಶವು ಪೂರ್ವದಿಂದ ಪಶ್ಚಿಮಕ್ಕೆ ಸೆಕೆಂಡಿಗೆ ಸುಮಾರು 15 ವಿಕಲೆಗಳಷ್ಟು ಸರಿದಂತೆ ಕಾಣುತ್ತದೆ. ವಿಕಲೆಯೆಂದರೆ ಒಂದು ಡಿಗ್ರಿಯನ್ನು 3600 ಪಾಲು ಮಾಡಿದಾಗ ಸಿಗುವ ಒಂದು ಪಾಲು. ಬರಿಗಣ್ಣು ಗುರುತಿಸಲಾರದ ಈ ಸರಿತವನ್ನು ಕ್ಯಾಮೆರಾ ತಕ್ಷಣ ಹಿಡಿದುಬಿಡುತ್ತದೆ. 50 ಮಿಲಿಮೀಟರ್ ಸಂಗಮದೂರದ ಮಸೂರವನ್ನೂ 4 ಮೈಕ್ರಾನ್ ಅಗಲದ ಪಿಕ್ಸೆಲ್‌ಗಳನ್ನೂ ಹೊಂದಿರುವ ಕ್ಯಾಮೆರಾದಲ್ಲಿ ವಿಷುವದ್ವೃತ್ತದ ಸಮೀಪದ ನಕ್ಷತ್ರವೊಂದು ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಒಂದು ಪಿಕ್ಸೆಲನ್ನು ದಾಟಿದರೆ, ಸಂಗಮದೂರ 500 ಮಿಲಿಮೀಟರ್ ಆದಾಗ ಅದೇ ನಕ್ಷತ್ರ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲೇ ದಾಟಿಹೋಗುತ್ತದೆ. ಬಿಂದುವಾಗಿ ಮೂಡಬೇಕಾದ ನಕ್ಷತ್ರ ಗೆರೆಯಾಗಿ ಎಳೆದುಕೊಳ್ಳದಂತೆ ಕ್ಯಾಮೆರಾವನ್ನು ಆಕಾಶದ ವೇಗದಲ್ಲೇ ತಿರುಗಿಸುವ ಆಸರೆಗೆ ಟ್ರ್ಯಾಕಿಂಗ್ ಮೌಂಟ್ ಎಂದು ಹೆಸರು. ಈ ಮೌಂಟ್ ಟನ್ನುಗಟ್ಟಲೆ ತೂಕದ ವೀಕ್ಷಣಾಲಯದ ಯಂತ್ರವಾಗಿದ್ದುದು ಹೆಗಲ ಚೀಲದಲ್ಲಿ ಹಿಡಿಯುವ ಪೆಟ್ಟಿಗೆಯಾದದ್ದು ಯಂತ್ರಕೌಶಲ ಬೆಳೆದುದರಿಂದ ಮಾತ್ರವೇ ಅಲ್ಲ. ಅದರ ಮೇಲಿದ್ದ ನಿಖರತೆಯ ಹೊರೆಯನ್ನು ಒಮ್ಮೆ ಮಸೂರ, ಒಮ್ಮೆ ಫಲಕ, ಒಮ್ಮೆ ಗಣಕ ತಮ್ಮ ಮೇಲೆ ಎಳೆದುಕೊಂಡದ್ದರಿಂದ. ಇಂದು ಮೌಂಟ್ ಆರಿಸಿಕೊಳ್ಳುವವರಿಗೂ ಈ ಹೊರೆ ಯಾರ ಮೇಲೆ ಬೀಳುತ್ತದೆಂಬುದೇ ಮುಖ್ಯ ಪ್ರಶ್ನೆ.

ಆಕಾಶದ ತಿರುಗುವಿಕೆಯನ್ನು ಒಂದೇ ಚಲನೆಯಿಂದ ಹಿಂಬಾಲಿಸಬೇಕಾದರೆ ಯಂತ್ರದ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ, ಅಂದರೆ ಆಕಾಶದ ಧ್ರುವಬಿಂದುವಿನತ್ತ ವಾಲಿ ನಿಲ್ಲಬೇಕು. ಇದು ಧ್ರುವಾಕ್ಷ, ಇದನ್ನುಳ್ಳ ಆಸರೆ ಈಕ್ವಟೋರಿಯಲ್ ಮೌಂಟ್. ಜೇಮ್ಸ್ ಶಾರ್ಟ್ 1749ರಲ್ಲಿ ವಿವರಿಸಿದ ಈಕ್ವಟೋರಿಯಲ್ ದೂರದರ್ಶಕವೂ ಅದೇ ಶತಮಾನದಲ್ಲಿ ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ತಯಾರಿಸಿದ ಈಕ್ವಟೋರಿಯಲ್‌ಗಳೂ ಮೇಜಿನ ಮೇಲೆ ಇರಿಸಬಹುದಾದಷ್ಟು ಚಿಕ್ಕವು. ಒಯ್ಯಬಲ್ಲ ಮೌಂಟ್ ಛಾಯಾಗ್ರಹಣಕ್ಕಿಂತ ಹಳೆಯದೆಂಬುದನ್ನು ಇವು ತೋರಿಸುತ್ತವೆ. ಅವನ್ನು ತಿರುಗಿಸುತ್ತಿದ್ದುದು ಮಾತ್ರ ನೋಡುವವನ ಕೈ, ಮತ್ತು ಕಣ್ಣಿಗೆ ಅಷ್ಟೇ ಸಾಕಾಗಿತ್ತು. 1824ರಲ್ಲಿ ಯೋಸೆಫ್ ಫ್ರೌನ್‌ಹೋಫರ್ ಇಂದಿನ ಎಸ್ಟೋನಿಯಾದ ಟಾರ್ಟು ನಗರಕ್ಕೆ, ಆಗಿನ ಡೋರ್ಪಾಟಿಗೆ, ಕಟ್ಟಿಕೊಟ್ಟ 24 ಸೆಂಟಿಮೀಟರ್ ವ್ಯಾಸದ ದೂರದರ್ಶಕ ಈ ಕೆಲಸವನ್ನು ಕೈಯಿಂದ ಬಿಡಿಸಿ ಗಡಿಯಾರಕ್ಕೆ ಒಪ್ಪಿಸಿತು: ಇಳಿಯುವ ತೂಕವೊಂದು ಹಲ್ಲುಗಾಲಿಗಳ ಮೂಲಕ ಧ್ರುವಾಕ್ಷವನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿತ್ತು. ದೂರದರ್ಶಕ ಒಂದು ಬದಿಗೂ ಎದುರುತೂಕ ಇನ್ನೊಂದು ಬದಿಗೂ ಇರುವ ಈ ವಿನ್ಯಾಸ ಜರ್ಮನ್ ಈಕ್ವಟೋರಿಯಲ್ ಎಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈ ಗಡಿಯಾರಗಳು ಎಷ್ಟು ಒರಟಾಗಿದ್ದವೆಂಬುದನ್ನು ಬಯಲಿಗೆಳೆದದ್ದು ಛಾಯಾಗ್ರಹಣ. 1850ರ ಜುಲೈನಲ್ಲಿ ಹಾರ್ವರ್ಡ್ ವೀಕ್ಷಣಾಲಯದ 15 ಅಂಗುಲ ದೂರದರ್ಶಕದಿಂದ ವಿಲಿಯಂ ಬಾಂಡ್ ಮತ್ತು ಛಾಯಾಗ್ರಾಹಕ ಜಾನ್ ವಿಪಲ್ ಅಭಿಜಿತ್ ನಕ್ಷತ್ರದ ಚಿತ್ರವನ್ನು ಬೆಳ್ಳಿಯ ಲೇಪವಿರುವ ಡಗೆರೋಟೈಪ್ ಫಲಕದ ಮೇಲೆ ಪಡೆದರು. ಸೂರ್ಯನನ್ನು ಬಿಟ್ಟರೆ ನಕ್ಷತ್ರವೊಂದರ ಮೊದಲ ಛಾಯಾಚಿತ್ರ ಅದು. ಕಣ್ಣು ತಾನಾಗಿ ಸರಿಪಡಿಸಿಕೊಳ್ಳುತ್ತಿದ್ದ ಯಂತ್ರದ ತೊಡರುಗಳನ್ನು ಫಲಕ ಒಂದನ್ನೂ ಬಿಡದೆ ದಾಖಲಿಸುತ್ತಿತ್ತು. 1857ರಲ್ಲಿ ಉತ್ತಮಗೊಂಡ ಚಾಲನೆ ಮತ್ತು ಹೆಚ್ಚು ಸೂಕ್ಷ್ಮವಾದ ಒದ್ದೆ ಕೊಲೋಡಿಯನ್ ಫಲಕ ಎರಡೂ ಕೂಡಿಬಂದಾಗ ವಿಲಿಯಂನ ಮಗ ಜಾರ್ಜ್ ಬಾಂಡ್ ಸಪ್ತರ್ಷಿ ಮಂಡಲದ ವಸಿಷ್ಠ–ಅರುಂಧತಿಗಳನ್ನು ಅಳತೆಗೆ ಒದಗುವಷ್ಟು ಸ್ಪಷ್ಟವಾಗಿ ಚಿತ್ರಿಸಿದನು. ಒದ್ದೆ ಫಲಕ ಒಣಗುವುದರೊಳಗೆ ಕೆಲಸ ಮುಗಿಯಬೇಕಾದ್ದರಿಂದ ಮೌಂಟಿನ ಮೇಲಿನ ಬೇಡಿಕೆ ಕೆಲವೇ ನಿಮಿಷಗಳದಾಗಿತ್ತು. ಮುಂದೆ ಜೆಲಟಿನ್ ಲೇಪದ ಒಣ ಫಲಕ ಬಂದು ಆ ಮಿತಿಯನ್ನು ಕಿತ್ತುಹಾಕಿತು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಮಹಾವ್ಯಾಧದ ನೀಹಾರಿಕೆಯನ್ನು ಮೊದಲ ಬಾರಿಗೆ ಚಿತ್ರಿಸಿದಾಗ ಫಲಕವನ್ನು ಬೆಳಕಿಗೆ ತೆರೆದಿಟ್ಟ ಕಾಲ, ಅಂದರೆ ಎಕ್ಸ್‌ಪೋಷರ್, 51 ನಿಮಿಷ. ಫಲಕ ತಾಳಬಲ್ಲಷ್ಟು ಹೊತ್ತು ಮೌಂಟೂ ತಾಳಬೇಕಾಯಿತು. ಯಂತ್ರಗಳು ಇನ್ನಷ್ಟು ಭಾರವಾದವು.

ಆದರೆ ಗ್ರಹಣಗಳು ವೀಕ್ಷಣಾಲಯವಿರುವಲ್ಲಿಗೆ ಬರುವುದಿಲ್ಲ, ವೀಕ್ಷಣಾಲಯವೇ ಅವುಗಳ ಬಳಿಗೆ ಹೋಗಬೇಕು. ಹಡಗು ಮತ್ತು ಬಂಡಿಗಳಲ್ಲಿ ಸಾಗಿಸಿದ ಉಪಕರಣಗಳ ಈ ಅಧ್ಯಾಯಕ್ಕೆ ದಕ್ಷಿಣ ಭಾರತ ಎರಡು ಬಾರಿ ರಂಗಭೂಮಿಯಾಯಿತು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ಛಾಯಾಚಿತ್ರಗಳನ್ನು ಜೇಮ್ಸ್ ಟೆನೆಂಟ್ ತಂಡ ಗುಂಟೂರಿನಲ್ಲಿ ತೆಗೆದರೆ, ಖ್ಯಾತ ಖಗೋಳವಿಜ್ಞಾನಿಯ ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟು, ಮೋಡಗಳ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ರೇಖೆಗಳನ್ನು ಕಂಡನು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾರ್ಡ್ ಲಿಂಡ್ಸೆಯ ಛಾಯಾಗ್ರಾಹಕ ಡೇವಿಸ್ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದಲ್ಲಿ ಕರೋನಾದ, ಎಂದರೆ ಸೂರ್ಯನ ಹೊರವಾತಾವರಣದ, ಚಿತ್ರಗಳನ್ನು ತೆಗೆದನು. ಧ್ರುವಬಿಂದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಂಬುದು ಆಯಾ ಊರಿನ ಅಕ್ಷಾಂಶದಷ್ಟೇ ಆಗಿರುವುದರಿಂದ, ಲಂಡನ್ನಿನಲ್ಲಿ 51 ಡಿಗ್ರಿಗೆ ನಿಲ್ಲುವ ಧ್ರುವಾಕ್ಷ ಜಮಖಂಡಿಯಲ್ಲಿ ಹದಿನಾರೂವರೆ ಡಿಗ್ರಿಗೂ ಬೇಕಲದಲ್ಲಿ ಹನ್ನೆರಡೂವರೆ ಡಿಗ್ರಿಗೂ ತಗ್ಗಬೇಕಾಗುತ್ತದೆ. ಯೂರೋಪಿನ ಯಂತ್ರ ಕನ್ನಡ ನಾಡಿನಲ್ಲಿ ಬಾಗಿ ನಿಲ್ಲಬೇಕಾದ ಈ ತೊಂದರೆ ಅಂದಿನಷ್ಟೇ ಇಂದಿಗೂ ನಿಜ.

ಒಯ್ಯಬಲ್ಲ ಮೌಂಟಿನ ಇತಿಹಾಸದಲ್ಲಿ ಅತ್ಯಂತ ಫಲವತ್ತಾದ ತಿರುವು ಮೌಂಟ್ ತಯಾರಕರಿಂದ ಬರದೆ ಒಂದು ಧೂಮಕೇತುವಿನಿಂದ ಬಂತು. 1882ರ ಮಹಾಧೂಮಕೇತುವನ್ನು ಚಿತ್ರಿಸಲು ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯದ ಡೇವಿಡ್ ಗಿಲ್, ಹತ್ತಿರದ ಮೋಬ್ರೆಯ ಛಾಯಾಗ್ರಾಹಕ ಅಲಿಸ್‌ನ ಸಾಮಾನ್ಯ ಕ್ಯಾಮೆರಾವನ್ನು ಈಕ್ವಟೋರಿಯಲ್ ದೂರದರ್ಶಕಕ್ಕೆ ಕಟ್ಟಿ, ದೂರದರ್ಶಕದಲ್ಲಿ ಧೂಮಕೇತುವಿನ ತಲೆಯನ್ನು ನೋಡುತ್ತಾ ಯಂತ್ರವನ್ನು ಕೈಯಿಂದ ತಿದ್ದುತ್ತಾ, ಅರ್ಧ ಗಂಟೆಯಿಂದ ಎರಡು ಗಂಟೆಗೂ ಮೀರಿದ ಎಕ್ಸ್‌ಪೋಷರ್‌ಗಳನ್ನು ಕೊಟ್ಟನು. ಧೂಮಕೇತುವಿನ ಹಿನ್ನೆಲೆಯಲ್ಲಿ ಮೂಡಿದ ಅಸಂಖ್ಯ ನಕ್ಷತ್ರಗಳನ್ನು ಕಂಡಾಗ, ಆಕಾಶದ ಪಟ್ಟಿಯನ್ನು ಛಾಯಾಚಿತ್ರಗಳಿಂದಲೇ ಮಾಡಬಹುದೆಂಬ ಯೋಚನೆ ಅವನಿಗೆ ಹೊಳೆಯಿತು; ಅದರಿಂದ ಹುಟ್ಟಿದ, ಡಚ್ ಖಗೋಳವಿಜ್ಞಾನಿ ಕ್ಯಾಪ್ಟೈನ್ ಅಳೆದು ಸಿದ್ಧಪಡಿಸಿದ ಕೇಪ್ ನಕ್ಷತ್ರಪಟ್ಟಿಯಲ್ಲಿ 4,54,875 ನಕ್ಷತ್ರಗಳಿವೆ. ಸಂಗಮದೂರ ಕಡಿಮೆಯಾದಂತೆ ಮೌಂಟಿನ ತಪ್ಪೂ ಚಿತ್ರದಲ್ಲಿ ಕುಗ್ಗುತ್ತದೆ, ಆಕಾಶದ ಹರವು ಹಿಗ್ಗುತ್ತದೆ ಎಂಬ ಪಾಠವೂ ಆ ಫಲಕಗಳಲ್ಲಿತ್ತು. ಅದನ್ನು ಪೂರ್ಣವಾಗಿ ಬಳಸಿಕೊಂಡವನು ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಬಡತನದಲ್ಲಿ ಹುಟ್ಟಿ ನ್ಯಾಶ್‌ವಿಲ್ಲಿನ ಸ್ಟುಡಿಯೋ ಒಂದರಲ್ಲಿ ಬಾಲ್ಯದಿಂದಲೇ ದುಡಿದಿದ್ದ ಅವನು, 1889ರಿಂದ ಲಿಕ್ ವೀಕ್ಷಣಾಲಯದಲ್ಲಿ ಮುಖಚಿತ್ರಗಳಿಗೆಂದು ತಯಾರಾಗಿದ್ದ 6 ಅಂಗುಲದ ವಿಲರ್ಡ್ ಮಸೂರವನ್ನು ಸಣ್ಣ ಈಕ್ವಟೋರಿಯಲ್‌ಗೆ ಕಟ್ಟಿ ಆಕಾಶಗಂಗೆಯ ಮೋಡಗಳನ್ನೂ ಅವುಗಳ ನಡುವಿನ ಕಪ್ಪು ಪ್ರದೇಶಗಳನ್ನೂ ಚಿತ್ರಿಸಿದನು, ಮತ್ತು 1892ರಲ್ಲಿ ಛಾಯಾಚಿತ್ರದ ಮೂಲಕ ಧೂಮಕೇತುವನ್ನು ಪತ್ತೆಹಚ್ಚಿದ ಮೊದಲಿಗನಾದನು. ಚಳಿಯಲ್ಲಿ ಗಂಟೆಗಟ್ಟಲೆ ಕಣ್ಣು ಕೀಳದೆ ಯಂತ್ರವನ್ನು ತಿದ್ದುತ್ತಿದ್ದ ಅವನ ತಾಳ್ಮೆಯೇ ಆ ಚಿತ್ರಗಳ ನಿಜವಾದ ಚಾಲಕಶಕ್ತಿಯಾಗಿತ್ತು. ಆ ಕಾಲದ ಯಾವ ಗಡಿಯಾರಕ್ಕೂ ಅಂಥ ಕೀರ್ತಿ ಸಲ್ಲುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ತೂಕದ ಗಡಿಯಾರದ ಜಾಗಕ್ಕೆ ವಿದ್ಯುತ್ ಮೋಟಾರು ಬಂತು. ಹವ್ಯಾಸಿಗಳಿಗೆ ಸಿಕ್ಕ ಸಾಧನಗಳು ಆಗಲೂ ಮನೆಯ ವಿದ್ಯುತ್ತಿಗೆ ಕಟ್ಟುಬಿದ್ದವು ಅಥವಾ ಇಬ್ಬರು ಹೊರುವಂಥವು. ಈ ಅಡಚಣೆಯನ್ನು ಹಲಗೆ, ಕೀಲು, ತಿರುಪುಗಳಿಂದಲೇ ದಾಟಿದ ವಿನ್ಯಾಸವನ್ನು ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ರೂಪಿಸಿದನು. ಅದು 1975ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಪ್ರಕಟವಾಗಿ ಬಾರ್ನ್‌ಡೋರ್ ಟ್ರ್ಯಾಕರ್ ಎಂದು ಹೆಸರಾಯಿತು. ಎರಡು ಹಲಗೆಗಳನ್ನು ಬಾಗಿಲಿನ ಕೀಲಿನಿಂದ ಜೋಡಿಸಿ, ಕೀಲನ್ನು ಧ್ರುವಬಿಂದುವಿನತ್ತ ತಿರುಗಿಸಿ, ಕೆಳಹಲಗೆಯ ತಿರುಪನ್ನು ನಿಮಿಷಕ್ಕೊಂದು ಸುತ್ತಿನಂತೆ ತಿರುವಿದರೆ ಮೇಲಿನ ಹಲಗೆ ಕ್ಯಾಮೆರಾವನ್ನು ಹೊತ್ತು ಆಕಾಶದ ವೇಗದಲ್ಲಿ ತೆರೆದುಕೊಳ್ಳುತ್ತದೆ. ಇದರ ಲೆಕ್ಕ ಸರಳವೂ ಸುಂದರವೂ ಆದುದು: ಅಂಗುಲಕ್ಕೆ 20 ಸುತ್ತುಗಳ ತಿರುಪಾದರೆ ಕೀಲಿನಿಂದ ಅದರ ದೂರ ಸುಮಾರು 290 ಮಿಲಿಮೀಟರ್, ಸುತ್ತಿಗೆ 1 ಮಿಲಿಮೀಟರ್ ಏರುವ ತಿರುಪಾದರೆ ಸುಮಾರು 228.6 ಮಿಲಿಮೀಟರ್ ಇರಬೇಕು. ನೇರವಾದ ತಿರುಪು ವೃತ್ತದಲ್ಲಿ ಚಲಿಸುವ ಹಲಗೆಯನ್ನು ತಳ್ಳುವುದರಿಂದ ಕೋನ ಹಿಗ್ಗಿದಂತೆ ವೇಗ ತಪ್ಪುತ್ತಾ ಹೋಗುತ್ತದೆ. ಇದನ್ನು ತ್ರಿಕೋನಮಿತಿಯ ಟ್ಯಾಂಜೆಂಟ್ ದೋಷವೆನ್ನುತ್ತಾರೆ. ಅಗಲ ನೋಟದ ಮಸೂರದಲ್ಲಿ ಹತ್ತು ನಿಮಿಷದವರೆಗೆ ಅದು ಎದ್ದುಕಾಣದು, ಆನಂತರದ ಅವಧಿಗಾಗಿ ಬಾಗಿಸಿದ ತಿರುಪು, ಎರಡು ತೋಳಿನ ರಚನೆ ಮುಂತಾದ ಪರಿಹಾರಗಳು ಬಂದವು. ಸಾಮಾನ್ಯ ಬಡಗಿಯೊಬ್ಬ ಒಂದು ದಿನದಲ್ಲಿ ಮಾಡಿಕೊಡಬಲ್ಲ ಈ ಸಾಧನ ಖಗೋಳ ಛಾಯಾಗ್ರಹಣವನ್ನು ಜನಸಾಮಾನ್ಯರ ಕೈಗೆ ಇತ್ತಷ್ಟು ಧಾರಾಳವಾಗಿ ಬೇರಾವ ಯಂತ್ರವೂ ಇತ್ತಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದಾಗ ಹೊರೆ ಮತ್ತೊಮ್ಮೆ ಕೈ ಬದಲಾಯಿಸಿತು. ಒಂದು ಗಂಟೆಯ ಒಂದೇ ಎಕ್ಸ್‌ಪೋಷರಿನ ಬದಲು ಒಂದೊಂದು ನಿಮಿಷದ ಅರುವತ್ತು ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದರ ಮೇಲೊಂದು ಕೂಡಿಸಬಹುದಾದ್ದರಿಂದ ಮೌಂಟ್ ಒಮ್ಮೆಗೆ ಒಂದೆರಡು ನಿಮಿಷ ನಂಬಿಕೆಗೆ ಅರ್ಹವಾಗಿದ್ದರೆ ಸಾಕಾಯಿತು. ವಿಕ್ಸೆನ್ ಪೊಲಾರಿ, ಐಆಪ್ಟ್ರಾನ್ ಸ್ಕೈಟ್ರ್ಯಾಕರ್, ಸ್ಕೈವಾಚರ್ ಸ್ಟಾರ್ ಅಡ್ವೆಂಚರರ್ ಮುಂತಾದ, ಕ್ಯಾಮೆರಾದ ಟ್ರೈಪಾಡಿನ ಮೇಲೆ ಕೂರುವ ಪುಟ್ಟ ಟ್ರ್ಯಾಕರ್‌ಗಳು 2010ರ ದಶಕದಲ್ಲಿ ಹರಡಿದ್ದಕ್ಕೆ ಇದೇ ಕಾರಣ. ಅದಕ್ಕೂ ಈಚಿನ ಸ್ಟ್ರೈನ್ ವೇವ್ ಮೌಂಟ್‌ಗಳಲ್ಲಿ, 1950ರ ದಶಕದಲ್ಲಿ ವಾಲ್ಟನ್ ಮಸ್ಸರ್ ಕಂಡುಹಿಡಿದು ಮುಂದೆ ರೋಬೋಟ್‌ಗಳ ಕೀಲುಗಳಿಗೆ ಬಂದ ಗೇರು ಇದೆ: ತೆಳುವಾದ ಲೋಹದ ಬಟ್ಟಲೊಂದು ಒಳಗಿನ ಅಂಡಾಕಾರದ ಗುಂಬದಿಂದ ಮಿಡಿಯುತ್ತಾ ಹೊರವೃತ್ತದ ಹಲ್ಲುಗಳನ್ನು ಹಿಡಿದು ತಿರುಗಿಸುತ್ತದೆ. ಸುಮಾರು 5 ಕಿಲೋಗ್ರಾಂ ತೂಗುವ ಜಡ್‌ಡಬ್ಲ್ಯೂಓ ಎಎಮ್5 ಎದುರುತೂಕವಿಲ್ಲದೆ 13 ಕಿಲೋಗ್ರಾಂ ಹೊರುತ್ತದೆ. ಆದರೆ ಈ ಗೇರಿನ ವೇಗ ಏರಿಳಿಯುವುದರಿಂದ ಗುರಿ ಸುತ್ತುಸುತ್ತಿಗೂ ಹತ್ತಾರು ವಿಕಲೆ ಅತ್ತಿತ್ತ ಸರಿಯಬಹುದು. ಅದನ್ನು ತಿದ್ದಲು ಗೈಡ್ ಕ್ಯಾಮೆರಾ ಎಂಬ ಇನ್ನೊಂದು ಚಿಕ್ಕ ಕ್ಯಾಮೆರಾ ಸದಾ ನಕ್ಷತ್ರವೊಂದನ್ನು ಗಮನಿಸುತ್ತಾ ಮೋಟಾರಿಗೆ ಸೂಚನೆ ಕೊಡುತ್ತಿರಬೇಕು. ಬರ್ನಾರ್ಡನ ಕಣ್ಣು ಮಾಡುತ್ತಿದ್ದ ಕೆಲಸವೇ ಇದು. ದೀರ್ಘ ಸಂಗಮದೂರದ ದೂರದರ್ಶಕವುಳ್ಳವರಿಗೆ ಈ ಮೌಂಟ್ ತಕ್ಕುದು. ಬರಿಯ ಕ್ಯಾಮೆರಾ ಮತ್ತು ಮಸೂರ ಇರುವವರಿಗೆ ಗೈಡ್ ಕ್ಯಾಮೆರಾ, ಗಣಕ, ಬ್ಯಾಟರಿಗಳ ಈ ಪರಿವಾರ ಅನಗತ್ಯ ಭಾರ.

ಯಾವ ಮೌಂಟನ್ನು ಆರಿಸಿಕೊಂಡರೂ ಅದರ ಅಕ್ಷವನ್ನು ಧ್ರುವಬಿಂದುವಿಗೆ ಹೊಂದಿಸುವ ಕೆಲಸ ಉಳಿದೇ ಇರುತ್ತದೆ. ಧ್ರುವನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಯ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ ದೂರದಲ್ಲಿದೆ. ಧ್ರುವಾಕ್ಷವನ್ನು ಆ ನಕ್ಷತ್ರಕ್ಕೇ ಗುರಿಯಿಟ್ಟರೆ ನಿಮಿಷಕ್ಕೆ ಹೆಚ್ಚೆಂದರೆ ಸುಮಾರು ಹತ್ತು ವಿಕಲೆಗಳಷ್ಟು ತಪ್ಪುಂಟಾಗುತ್ತದೆ: ಮೇಲೆ ಹೇಳಿದ 50 ಮಿಲಿಮೀಟರ್ ಮಸೂರಕ್ಕೆ ಅದು ಒಂದು ಪಿಕ್ಸೆಲಿಗಿಂತ ಕಡಿಮೆ, 500 ಮಿಲಿಮೀಟರಿಗೆ ಸುಮಾರು ಆರು ಪಿಕ್ಸೆಲ್. ಬೆಂಗಳೂರಿನಲ್ಲಿ ಧ್ರುವನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದ್ದು ಮಂಜು, ಧೂಳು, ದೀಪಗಳಲ್ಲಿ ಮುಳುಗಿಹೋಗುತ್ತದೆ, ಮಲೆನಾಡಿನಲ್ಲಿ ಗುಡ್ಡದ ಹಿಂದೆ ಮರೆಯಾಗುತ್ತದೆ. ಅಂಥ ಕಡೆ ನಕ್ಷತ್ರಗಳ ಜಾರುವಿಕೆಯನ್ನು ಗಮನಿಸಿ ಅಕ್ಷವನ್ನು ತಿದ್ದುವ ಹಳೆಯ ವಿಧಾನವನ್ನು, ಇಲ್ಲವೆ ತೆಗೆದ ಚಿತ್ರವನ್ನು ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ಅಕ್ಷದ ತಪ್ಪನ್ನು ಹೇಳುವ ತಂತ್ರಾಂಶವನ್ನು ಅವಲಂಬಿಸಬೇಕಾಗುತ್ತದೆ. ಅಕ್ಷವನ್ನು ವಾಲಿಸಿ ನಿಲ್ಲಿಸುವ ಬೆಣೆಯಾಕಾರದ ತಳಭಾಗಗಳಲ್ಲಿ ಕೆಲವು ಇಷ್ಟು ಕೆಳಗೆ ಇಳಿಯುವುದಿಲ್ಲ, ಎದುರುತೂಕದ ಸರಳು ಟ್ರೈಪಾಡಿನ ಕಾಲಿಗೆ ತಗಲುವುದೂ ಉಂಟು. ಹೀಗಾಗಿ ಕರ್ನಾಟಕದ ಛಾಯಾಗ್ರಾಹಕನು ಎಷ್ಟು ಕಿಲೋಗ್ರಾಂ ಹೊರುತ್ತದೆ ಎಂದು ಕೇಳುವ ಮುನ್ನ ಆ ತಳಭಾಗ 12 ಡಿಗ್ರಿಯವರೆಗೆ ಇಳಿಯುತ್ತದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.